ನೀಲಿ ಹೊಲ ಯಾರದು

ಒಂದಾನೊಂದು ಊರಿನಲ್ಲಿ ಇಬ್ಬರು ಓರಗಿತ್ತಿಯರಿಗೆ ಒಂದೇ ಬಾವಿಯಿತ್ತು, ಪಂಪಿನ ಕೋಣೆಯ ಕೀಲಿ ಮಾತ್ರ ಹಿರಿಯವಳ ಸೊಂಟದಲ್ಲಿತ್ತು. ಕಥೆ ಹೇಳುವವಳು ನನ್ನ ಅಜ್ಜಿಯಾಗಿದ್ದರೆ ಹೀಗೆ ಶುರು ಮಾಡುತ್ತಿದ್ದಳು. ನನಗೆ ಅವರು ಸಿಕ್ಕಿದ್ದು ನೀರಾವರಿ ಕಚೇರಿಯ ಬೆಂಚಿನ ಮೇಲೆ, ಆಗಷ್ಟೇ ಕೈಸೇರಿದ ಉಪಗ್ರಹದ ನಕ್ಷೆಯೊಂದಿಗೆ. ಯಾವ ಹೊಲದಿಂದ ಎಷ್ಟು ನೀರು ಆವಿಯಾಗಿ ಹೋಯಿತೆಂದು ಅದು ಬಣ್ಣದಲ್ಲಿ ಹೇಳುತ್ತದೆ. ನೀಲಿಯೆಂದರೆ ಹೆಚ್ಚು.

"ನೋಡೇ, ಕಡುನೀಲಿ!" ಹಿರಿಯವಳು ಬೆರಳೂರಿದಳು. "ಕಳ್ಳಿ, ನನ್ನ ಕಣ್ಣು ತಪ್ಪಿಸಿ ನೀರು ಬಿಟ್ಕೊಂಡಿದೀಯ. ಇಲ್ಲಾಂದ್ರೆ ನಿನ್ನ ಟೊಮೆಟೊ ಹಾಗೆ ಮಿಂಚೋದು ಹೇಗೆ?"

"ಅಕ್ಕ, ನಕ್ಷೆ ತಲೆಕೆಳಗೆ ಹಿಡ್ಕೊಂಡಿದೀರಿ. ತಿರುಗಿಸಿ. ಬಾವಿ ಇಲ್ಲಿದೆ. ನೀಲಿ ಹೊಲ ನಿಮ್ಮದು."

"ನನ್ನದಾ? ನನ್ನ ಗಿಡ ಸೊರಗಿ ಕಡ್ಡಿಯಾಗಿವೆಯಲ್ಲೇ!"

"ಗಿಡ ಎಲ್ಲಿ ಕುಡೀತು? ದಿನಾ ಮಟಮಟ ಮಧ್ಯಾಹ್ನ ನೀರು ಬಿಡ್ತೀರಿ. ಸಾಲಿನ ನಡುವಿನ ಬರೀ ಮಣ್ಣಿಂದ ಎಲ್ಲಾ ಬಿಸಿಲಿಗೆ ಹೋಗುತ್ತೆ. ನಾನು ಮಣ್ಣಿಗೆ ಒಣಹುಲ್ಲು ಹೊದಿಸಿದೀನಿ."

"ಯಾರು ಹೇಳಿಕೊಟ್ರು?"

"ಅತ್ತೆ."

"ನೋಡು, ನನಗೆ ಹೇಳಲೇ ಇಲ್ಲ. ಯಾವಾಗಲೂ ನೀನೇ ಮುದ್ದು."

"ಹೇಳೋಕೆ ಬಂದಿದ್ರು. ನೀವು ಮುಖ ಊದಿಸ್ಕೊಂಡು ಬಾಗಿಲು ಹಾಕ್ಕೊಂಡ್ರಿ."

ಹಿರಿಯವಳು ನಕ್ಷೆಯನ್ನು ನಾಲ್ಕು ಮಡಿಕೆ ಮಾಡಿದಳು.

"ತಪ್ಪು ನಿಮ್ಮದಾದ್ರೆ ಕೀಲಿ ನನಗೆ ಅಂತ ಇಲ್ಲಿಗೆ ಬರೋವಾಗ ಅಂದಿದ್ರಿ," ಎಂದಳು ಕಿರಿಯವಳು.

"ಅಂದಿದ್ದೆ. ನಿನ್ನದೇ ಅಂತ ಖಾತ್ರಿ ಇತ್ತಲ್ಲ, ಅದಕ್ಕೆ ಅಂದಿದ್ದೆ."

ಸೊಂಟದ ಗಂಟು ಬಿಚ್ಚಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

"ಹುಲ್ಲು ಉಳಿದಿದೆಯಾ?"

"ನಿಮಗೇ ಅಂತ ಎರಡು ಹೊರೆ ಇಟ್ಟಿದೀನಿ."

"ನಿನ್ನ ಈ ಒಳ್ಳೆತನಾನೇ ನನಗೆ ಆಗಿಬರಲ್ಲ," ಎನ್ನುತ್ತಾ ಹಿರಿಯವಳು ಕೀಲಿಯನ್ನು ಅವಳ ಅಂಗೈಗೆ ಒತ್ತಿ, ಮುಂದೆ ಮುಂದೆ ನಡೆದುಬಿಟ್ಟಳು.