ಬೂಲ್ಕರಾ ತಂಡದವರು ಗೆಲ್ಲದೆ ತಲೆ ಬೋಳಿಸಿಕೊಂಡ ಬಗ್ಗೆ

ಹೆಸರು ಬ್ರಾಡಿ ಟ್ರೆವಿನ್, ವಯಸ್ಸು ಮೂವತ್ತಮೂರು, ಧಾನ್ಯದ ಸೈಲೋದಲ್ಲಿ ತೂಕದ ಕೆಲಸ, ವಾಸ ಜೆಟ್ಟಿ ರಸ್ತೆ, ಬೂಲ್ಕರಾ, ದಕ್ಷಿಣ ಆಸ್ಟ್ರೇಲಿಯಾ.

ನನ್ನ ಎಡಗಿವಿಗೆ ಹಾಕಿದ ನಾಲ್ಕು ಹೊಲಿಗೆಯ ವಿಷಯವಾಗಿ ಆಸ್ಪತ್ರೆಯ ನರ್ಸ್ ಠಾಣೆಗೆ ಫೋನ್ ಮಾಡಿರುವುದರಿಂದ, ತಮ್ಮ ಮುಂದೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಬೂಲ್ಕರಾ ಫುಟ್‌ಬಾಲ್ ಕ್ಲಬ್ಬಿನಲ್ಲಿ ಗೋಲು ಹೊಡೆಯುವ ಜಾಗದಲ್ಲಿ ಆಡುವವನು. ಕಳೆದ ವರ್ಷ ನಮ್ಮ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಕೊನೆಯ ಸೋಲಿನ ದಿನ ಪಬ್ಬಿನಲ್ಲಿ ನಾನೇ ಎದ್ದು ನಿಂತು, ಒಂದು ಪಂದ್ಯ ಗೆಲ್ಲುವವರೆಗೆ ಯಾರೂ ತಲೆಗೆ ಕತ್ತರಿ ತಾಕಿಸಕೂಡದು ಎಂದು ಹೇಳಿದೆನು. ಎಲ್ಲರೂ ಗ್ಲಾಸು ಎತ್ತಿ ಒಪ್ಪಿದರು. ಏಪ್ರಿಲ್‌ನಲ್ಲಿ ಮತ್ತೆ ಪಂದ್ಯಗಳು ಶುರುವಾದಾಗ ಹೇಗೂ ಗೆದ್ದೇ ಗೆಲ್ಲುತ್ತೇವೆ ಎಂಬ ಧೈರ್ಯ. ಕುಡಿದಾಗ ಧೈರ್ಯಕ್ಕೇನು ಬರ.

ಏಪ್ರಿಲ್ ಹೋಯಿತು, ಜೂನ್ ಹೋಯಿತು, ಗೆಲುವು ಬರಲಿಲ್ಲ, ಕೂದಲು ಬಂತು. ಅದೂ ಅತ್ತ ದರಿ ಇತ್ತ ಪುಲಿ ಎನ್ನುವಂಥ ಉದ್ದ. ಕಟ್ಟೋಣವೆಂದರೆ ಜುಟ್ಟಿಗೆ ಸಿಗದು, ಬಿಟ್ಟರೆ ಕಣ್ಣಿಗೆ ಬೀಳುವುದು. ಮೊದಲು ಬೂಟಿನ ಲೇಸು ಕಟ್ಟಿಕೊಂಡೆವು. ನೆನೆದಾಗ ಅದು ಹಣೆ ಕೊಯ್ಯಿತು. ಆಮೇಲೆ ಹೆಂಡತಿ ಮಕ್ಕಳ ಹೇರ್‌ಬ್ಯಾಂಡುಗಳಿಗೆ ಕೈ ಹಾಕಿದೆವು. ಹಲ್ಲಿರುವ ಪ್ಲಾಸ್ಟಿಕ್ ಬ್ಯಾಂಡುಗಳು ಮೊದಲ ಡಿಕ್ಕಿಗೇ ಮುರಿದು ಚುಚ್ಚಿದ್ದರಿಂದ ಅಂಪೈರ್ ಅವನ್ನು ಬೇಡವೆಂದರು. ನಮ್ಮ ನಾಯಕ ಲಾಕಿ ನ್ಯಾಂಕಿವೆಲ್ ವೈರಿಗೆ ಸುತ್ತುವ ಕಪ್ಪು ಟೇಪನ್ನು ತಲೆಗೆ ಸುತ್ತಿಕೊಂಡು, ಬಿಚ್ಚುವಾಗ ಅರ್ಧ ಹುಬ್ಬು ಕಳೆದುಕೊಂಡನು. ನನಗೆ ನನ್ನ ಹೆಂಡತಿ ಟ್ಯಾಮ್ಸಿನ್ ಹಳೆಯ ಹಸಿರು ಟವೆಲು ಹರಿದು ಒಂದು ಪಟ್ಟಿ ಹೊಲಿದುಕೊಟ್ಟಳು.

ಹೋದ ಊರಲ್ಲೆಲ್ಲಾ ಮೈದಾನದ ಸುತ್ತ ಕಾರು ನಿಲ್ಲಿಸಿಕೊಂಡವರು ಹಾರ್ನ್ ಒತ್ತಿ, "ಏನ್ರಮ್ಮಾ, ಹೆಂಗಸ್ರು ನೆಟ್‌ಬಾಲ್ ಆಡೋ ಜಾಗ ಆ ಕಡೆ!" ಎಂದು ಕೂಗುತ್ತಿದ್ದರು. ಲಾಕಿಯು, "ಇಳಿದು ಬಾರೋ, ನಿಂಗೂ ಒಂದು ಜಡೆ ಹಾಕಿ ಕಳಿಸ್ತೀನಿ" ಎನ್ನುತ್ತಿದ್ದನು. ಆಮೇಲೆ ಸೋಲುತ್ತಿದ್ದೆವು.

ಜುಲೈನಲ್ಲಿ ಜಿಲ್ಲಾ ಸಂಘದವರು, ಈ ವರ್ಷವೂ ಒಂದು ಗೆಲುವಿಲ್ಲದಿದ್ದರೆ ನಮ್ಮ ಕ್ಲಬ್ಬನ್ನು ನಲವತ್ತಾರು ಕಿಲೋಮೀಟರ್ ದೂರದ ಟಾರ್ಕುಲಾ ಕ್ಲಬ್ಬಿಗೆ ಸೇರಿಸುವುದಾಗಿ ತಿಳಿಸಿದರು. ಮೈದಾನ ಒಬ್ಬ ರೈತರದು. ಕ್ಲಬ್ ಹೋದರೆ ಬೇಲಿ ಕಿತ್ತು ಮಸೂರ್ ಕಾಳು ಬಿತ್ತುತ್ತೇನೆ ಎಂದು ಅವರು ಮೊದಲೇ ಹೇಳಿದ್ದರು. ಅವರದೇನೂ ತಪ್ಪಿಲ್ಲ. ಆದರೆ ಆಟಗಾರರ ಕಾಲಿಗೆ ಪಟ್ಟಿ ಸುತ್ತುವ ಕ್ಲೆಮ್ ಪ್ಯಾಸ್ಕೋ ಎಂಬುವರ ಹೆಂಡತಿ ನೋರೀನ್, ಬದುಕಿದ್ದಷ್ಟು ಕಾಲ ನಮ್ಮ ಕ್ಯಾಂಟೀನ್ ನಡೆಸಿದವರು, ತಮ್ಮ ಬೂದಿಯನ್ನು ಉತ್ತರದ ಗೋಲಿನ ಮುಂದೆ ಚೆಲ್ಲಬೇಕೆಂದು ಹೇಳಿ ತೀರಿಕೊಂಡಿದ್ದರು. ನಾಲ್ಕು ವರ್ಷದ ಕೆಳಗೆ ನಾವೆಲ್ಲ ಟೋಪಿ ತೆಗೆದು ನಿಂತು ಹಾಗೆಯೇ ಮಾಡಿದೆವು. ಜಮೀನಿನವರನ್ನು ಕೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಜುಲೈ ನಂತರ ಕ್ಲೆಮ್ ಪ್ರತಿ ಶನಿವಾರ ನಮ್ಮ ಕಾಲು ಸುತ್ತುತ್ತಾ, "ಒಂದು ಸಾಕು ಕಣ್ರೋ, ಎರಡು ಕೇಳಲ್ಲ" ಎನ್ನುತ್ತಿದ್ದರು.

ನಿನ್ನೆ ಶನಿವಾರ ನಮ್ಮ ಮೈದಾನದಲ್ಲೇ ಟಾರ್ಕುಲಾ ಜೊತೆ ಕೊನೆಯ ಪಂದ್ಯ. ಕೊನೆಯ ನಿಮಿಷದಲ್ಲಿ ನಾವು ನಾಲ್ಕು ಅಂಕ ಹಿಂದಿದ್ದೆವು. ಗೋಲಿಗೆ ಆರು ಅಂಕ. ಉತ್ತರದ ಗೋಲಿಗೆ ಇಪ್ಪತ್ತೈದು ಮೀಟರ್ ದೂರದಲ್ಲಿ, ನೇರ ಎದುರಿಗೆ, ನಮ್ಮವರು ಒದ್ದ ಚೆಂಡನ್ನು ನಾನು ಗಾಳಿಯಲ್ಲೇ ಕೈಯಲ್ಲಿ ಹಿಡಿದೆನು. ಹಾಗೆ ಹಿಡಿದವನಿಗೆ ಯಾರೂ ಅಡ್ಡ ಬರುವಂತಿಲ್ಲ, ಸಾವಕಾಶವಾಗಿ ಗುರಿಯಿಟ್ಟು ಒದೆಯಬೇಕಷ್ಟೆ. ಮಳೆಗೆ ಟವೆಲಿನ ಪಟ್ಟಿ ನೆನೆದು ಜೋತುಬಿದ್ದಿತ್ತು. ಕ್ಲೆಮ್ ನೀರಿನ ಬಾಟಲಿಯ ನೆಪದಲ್ಲಿ ಓಡಿ ಬಂದು, ಸೊಂಟದ ಚೀಲದಿಂದ ಕತ್ತರಿ ತೆಗೆದು, "ಪಟ್ಟಿ ಕಿತ್ತೆಸಿ. ಮುಂದಿನ ಕೂದ್ಲು ಎರಡು ಬೆರಳಷ್ಟು ಕತ್ತರಿಸ್ತೀನಿ, ಬಗ್ಗು" ಎಂದರು. ಗೆಲ್ಲುವ ಮೊದಲು ಕತ್ತರಿ ತಾಕಿಸಿದರೆ ಹುಡುಗರಿಗೆ ಹೇಗೆ ಮುಖ ತೋರಿಸಲಿ ಎಂದು ನಾನು ಒಪ್ಪಲಿಲ್ಲ. ಅವರು, "ಹುಡುಗ್ರು ಹಾಳಾಗಿ ಹೋಗ್ಲಿ, ನಂಗೋಸ್ಕರ ಬಗ್ಗೋ" ಎಂದರು. ಅಂಪೈರ್ ಅವರನ್ನು ಹೊರಗೆ ಕಳಿಸಿದರು.

ನಾನು ಓಡಿ ಬಂದು ಒದೆಯಲೆಂದು ಚೆಂಡನ್ನು ಕಾಲಿನ ಮೇಲೆ ಕೈಬಿಟ್ಟ ಕ್ಷಣಕ್ಕೆ ಪಟ್ಟಿ ಎರಡೂ ಕಣ್ಣಿನ ಮೇಲೆ ಜಾರಿತು. ಒದ್ದದ್ದು ಕಾಲಿಗೆ ಗೊತ್ತಾಯಿತು, ಕಣ್ಣಿಗೆ ಗೊತ್ತಾಗಲಿಲ್ಲ. ಚೆಂಡು ಕಂಬಕ್ಕೆ ಬಡಿದ ಸದ್ದು ಕೇಳಿತು. ಕಂಬಕ್ಕೆ ಬಡಿದರೆ ಒಂದೇ ಅಂಕ. ಪಟ್ಟಿ ಮೇಲೆತ್ತುವುದರೊಳಗೆ ಪಂದ್ಯ ಮುಗಿದ ಸೈರನ್ ಆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬಟ್ಟೆ ಬದಲಿಸುವ ಕೋಣೆಗೆ ಕ್ಲೆಮ್ ತಮ್ಮ ಗಾಡಿಯಿಂದ ಕುರಿ ಉಣ್ಣೆ ಕತ್ತರಿಸುವ ಮಷಿನ್ ತಂದು ಪ್ಲಗ್ಗಿಗೆ ಹಾಕಿ, ನನಗೆ, "ಕೂತ್ಕೋ" ಎಂದರು. ನಾನು ಕುಳಿತೆನು. ನನ್ನನ್ನು ಯಾರೂ ಹಿಡಿದುಕೊಂಡಿರಲಿಲ್ಲ. ಅವರು ಆ ಕೆಲಸದಲ್ಲೇ ಮುದುಕರಾದವರು. "ಅಲ್ಲಾಡ್ಬೇಡ ಮಗಾ, ಮುಗೀತು, ಎಲ್ಲಾ ಮುಗೀತು" ಎನ್ನುತ್ತಿದ್ದರು. ಮುಂದಲೆಯ ಕೂದಲು ಹೋದದ್ದೇ ಅವರ ಮುಖ ಕಾಣಿಸಿತು. ನಾನು ನೋಡಲಾರದೆ ತಿರುಗಿದೆನು. ಕಿವಿಗೆ ಪೆಟ್ಟಾದದ್ದು ಆಗ. ನಾನು ಎದ್ದ ಮೇಲೆ ಲಾಕಿ ಕುರ್ಚಿಯ ಮೇಲಿನ ರಕ್ತ ಒರೆಸಿ ತಾನು ಕುಳಿತನು. ಒಬ್ಬರಾದ ಮೇಲೆ ಒಬ್ಬರು ಎಲ್ಲರೂ ಕುಳಿತರು.

ಟ್ಯಾಮ್ಸಿನ್ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾ, "ಗೆಲ್ಲೋಕೆ ಎರಡು ಬೆರಳು ಕೂದ್ಲು ಕೊಡ್ದೋನು, ಸೋತ ಮೇಲೆ ತಲೆ ಪೂರ್ತಿ ಕೊಟ್ಟು ಬಂದ್ಯಲ್ಲೋ" ಎಂದಳು.

ಕ್ಲೆಮ್ ಮೇಲೆ ನನ್ನ ದೂರೇನೂ ಇಲ್ಲ. ಈ ದಿನ ಬೆಳಿಗ್ಗೆ ನಾನು ಠಾಣೆಗೆ ಬರುವಾಗ ಅವರು ಉತ್ತರದ ಗೋಲಿನ ಮುಂದೆ ಮಂಡಿಯೂರಿ, ಕೈಕರಣೆಯಿಂದ ಮಣ್ಣು ಕೆರೆದು ಐಸ್‌ಕ್ರೀಮ್ ಡಬ್ಬಿಗಳಿಗೆ ತುಂಬುತ್ತಿದ್ದರು. ನಾಲ್ಕು ಮಳೆಗಾಲ ಕಳೆದ ನೆಲ, ನಮ್ಮೆಲ್ಲರ ಬೂಟು ತುಳಿದದ್ದು. ನಾನು ಗಾಡಿ ನಿಲ್ಲಿಸಿ ಹತ್ತಿರ ಹೋದೆನು. ಅವರು ತಲೆ ಎತ್ತದೆ, "ಎಷ್ಟು ಆಳ ತೆಗೀಬೇಕು ಅಂತೀಯ ಬ್ರಾಡಿ?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆನು. ಅವರು ಇನ್ನೊಂದು ಡಬ್ಬಿಯ ಮುಚ್ಚಳ ತೆಗೆದರು. ಯಾರೋ ನೆಲ ಅಗೆಯುತ್ತಿದ್ದಾರೆಂದು ಫೋನ್ ಬಂದರೆ ದಯವಿಟ್ಟು ಪೊಲೀಸ್ ಗಾಡಿ ಕಳಿಸಬೇಡಿ.

ಮೇಲೆ ಹೇಳಿದ್ದೆಲ್ಲ ನಾನು ಕಂಡದ್ದು, ಮಾಡಿದ್ದು. ಓದಿಸಿ ಕೇಳಿದ್ದೇನೆ, ಸರಿಯಾಗಿದೆ.

ಸ್ಥಳ: ಬೂಲ್ಕರಾ ಪೊಲೀಸ್ ಠಾಣೆ
ದಿನ: ಭಾನುವಾರ, ಆಗಸ್ಟ್ 25
ಸಹಿ: ಬ್ರಾಡಿ ಟ್ರೆವಿನ್