ಸೌಂದರ್ಯ ಮತ್ತೆ ಮಾತು ನಿಲ್ಲಿಸಿದ್ದಾಳೆ

"ಹಲೋ... ಹಲೋ, ಯಾರು ಮಾತಾಡೋದು? ಅಪ್ಪಾಜಿನಾ? ನಾನು ಗಂಗಾ, ಸೊರಬದಿಂದ... ಅಂಗಡಿಗೆ ಹೋಗ್ಲಿಲ್ವಾ ಇನ್ನೂ?... ಏನಿಲ್ಲ, ಅವ್ವನ್ನ ಸ್ವಲ್ಪ ಕರೀರಿ."

ಗಂಗಾಶ್ರೀ ಎಸ್‌ಟಿಡಿ ಬೂತಿನ ಬಾಗಿಲು ಎಳೆದುಕೊಂಡಳು. ಮನಶ್ಶಾಸ್ತ್ರ ಓದಿ, ಶಾಲೆಯಲ್ಲೇ ಕೂತು ಮಕ್ಕಳ ಕಷ್ಟ ಕೇಳುವ ಕೆಲಸ ಹಿಡಿಯಬೇಕೆಂದು ಹೊರಟವಳು. ತರಬೇತಿಗೆಂದು ಸೊರಬದ ಶಾಲೆಗೆ ಬಂದು ಹೆಚ್ಚು ದಿನವೂ ಆಗಿರಲಿಲ್ಲ, ಅಷ್ಟರಲ್ಲೇ ಕೈ ಸುಟ್ಟುಕೊಂಡಿದ್ದಳು.

"ಅವ್ವಾ... ಹಾಂ, ಆರಾಮಿದೀನಿ. ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಊರಿಗೆ ಬಂದಾಗ ಒಬ್ಬ ಹುಡುಗಿ ಸುದ್ದಿ ಹೇಳಿದ್ನಲ್ಲ, ಕ್ಲಾಸಲ್ಲಿ ತುಟಿ ಪಿಟಕ್ ಅನ್ನಲ್ಲ, ಅಕ್ಕಂಗೆ ಫಿಟ್ಸ್ ಬರ್ತದೆ ಅಂತ ನಂಗೊಬ್ಬಳಿಗೇ ಹೇಳಿದ್ಲು ಅಂತ... ಹಾಂ, ಅವಳೇ. ಅದನ್ನ ಯಾರಿಗಾದ್ರೂ ಹೇಳಿದ್ಯಾ?"

"ಹೇಳ್ಲಿಲ್ವಾ... ಯಾರಿಗೂ?... ಮತ್ತೆ ಶಿಕಾರಿಪುರದ ಉಜ್ಜಪ್ಪ ಮಾವಂಗೆ ಹೆಂಗೆ ಗೊತ್ತಾಯ್ತು?"

ಆ ಕಡೆ ನಿರ್ಮಲಮ್ಮ ಮಾತನ್ನು ಮಳೆ ಬೆಳೆಗೆ ತಿರುಗಿಸಿದರು. ಅವ್ವ ಮಾತು ತಿರುಗಿಸಿದರೆ ಏನರ್ಥವೆಂದು ಮಗಳಿಗೆ ಗೊತ್ತು.

"ನಾನು ಹೆಸರೇ ಹೇಳಿರ್ಲಿಲ್ಲಲ್ಲವ್ವಾ... ಹೌದು, ಗುಡವಿ ಕಡೆಯೋಳು ಅಂದಿದ್ದೆ. ಅಕ್ಕಂಗೆ ಶಿಕಾರಿಪುರದಲ್ಲಿ ಗಂಡು ಗೊತ್ತಾಗ್ಯದೆ ಅಂದಿದ್ದೆ... ಅಷ್ಟರಲ್ಲೇ ಯಾರ ಪೈಕಿ ಅಂತ ಹಿಡಿದುಬಿಟ್ಯಾ?"

ಹಿಡಿಯದೆ ಬಿಡುತ್ತಾರೆಯೇ? ನೀರಿನ ಚೊಂಬು ಮುಂದಿಟ್ಟು ಯಾವ ಊರು, ಯಾರ ಮನೆ, ಯಾರ ಪೈಕಿ ಎಂದು ಕೇಳುವ ಸೀಮೆ ಅದು. ಮಗುವಿನ ಹೆಸರು ಮುಚ್ಚಿಟ್ಟರೆ ಸಾಕು ಎಂದು ಪುಸ್ತಕದಲ್ಲಿತ್ತು. ಪುಸ್ತಕ ಬರೆದವರಿಗೆ ನಿರ್ಮಲಮ್ಮನ ಪರಿಚಯವಿರಲಿಲ್ಲ.

"ಆಯ್ತು, ನಿನ್ನ ತವರಿನ ಹುಡುಗ, ಗೊತ್ತಿದ್ದೂ ಸುಮ್ಮನಿರೋಕೆ ಮನಸ್ಸು ಬರ್ಲಿಲ್ಲ. ಉಜ್ಜಪ್ಪ ಮಾವ ನಿನ್ನೆ ಮಗಂಗೆ ಆ ಸಂಬಂಧ ಬ್ಯಾಡ ಅಂತ ಹೇಳಿ ಕಳಿಸಿದಾರೆ... ಹುಡುಗಿ ಮನೆಯೋರು ಮುಚ್ಚಿಟ್ಟಿದ್ದು ತಪ್ಪೇ. ನಾನೇನು ಸರಿ ಅಂದ್ನಾ?"

"ನನ್ನ ಚಿಂತೆ ಆ ಸಣ್ಣೋಳದು, ಸೌಂದರ್ಯಂದು. ಎಲ್ಲಿ ಬಾಯಿ ತಪ್ಪಿ ಹೇಳಿಬಿಡ್ತಾಳೋ ಅಂತ ಮನೆಯೋರು ಹೆದರಿಸಿದ್ರು, ಅದಕ್ಕೇ ಅವಳು ಶಾಲೇಲಿ ಮಾತೇ ಆಡ್ತಿರ್ಲಿಲ್ಲ. ನನ್ನ ಹತ್ರ ಹೇಳು, ಯಾರಿಗೂ ಹೇಳಲ್ಲ ಅಂದೋಳು ನಾನು... ಈಗ ಮನೇಲೂ ಮಾತು ನಿಂತದೆ. ತನ್ನಿಂದಲೇ ಅಕ್ಕನ ಮದುವೆ ಮುರೀತು ಅಂದ್ಕೊಂಡು ಅನ್ನಾನೂ ಬಿಟ್ಟಿದಾಳೆ."

"ಇಲ್ಲ, ಅಳ್ತಿಲ್ಲ... ಬೆಳಿಗ್ಗೆ ಅವಳ ಮನೆಗೆ ಹೋಗಿದ್ದೆ. ನನ್ನ ನೋಡಿ ಗೋಡೆ ಕಡೆ ತಿರುಗಿ ಕೂತ್ಲು... ಇನ್ನೊಂದು ಮಗು ಹತ್ರ ಹೋಗಿ ಯಾವ ಮುಖ ಇಟ್ಕೊಂಡು ನನ್ನ ಹತ್ರ ಹೇಳು ಅನ್ಲಿ, ನೀನೇ ಹೇಳು?"

ಅವಳಿಗೆ ಅವ್ವನ ಮೇಲೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ತನ್ನ ಮೇಲೆ.

"ಒಂದು ಕೆಲಸ ಮಾಡವ್ವಾ. ಮಾವನ ಮನೆಗೆ ಹೋಗು. ಫಿಟ್ಸಿಗೆ ಮಾತ್ರೆ ಅದೆ, ಮದುವೆಯಾಗಿ ಮಕ್ಕಳು ಮರಿ ಮಾಡ್ಕೊಂಡು ಚೆನ್ನಾಗಿರೋರು ಬೇಕಾದಷ್ಟು ಜನ ಇದಾರೆ ಅಂತ ಹೇಳು. ನಿನ್ನ ಮಾತು ಅವರು ತೆಗೆದುಹಾಕಲ್ಲ ಅಲ್ವಾ... ಹಾಂ?... ಏನಂದೆ?"

"ಚನ್ನೇಶಂಗಾ? ನಮ್ಮ ಚನ್ನೇಶಂಗಾ?"

ಚನ್ನೇಶ್ ಅವಳ ತಮ್ಮ. ಅಂಥ ಹುಡುಗಿಯನ್ನು ಅವನಿಗೆ ತರಲು ನೀನು ಒಪ್ಪುತ್ತೀಯಾ ಎಂದು ಅವ್ವ ಇನ್ನೊಮ್ಮೆ ಕೇಳಿದರು. ಗದರಿ ಕೇಳಲಿಲ್ಲ, ಮೆತ್ತಗೆ ಕೇಳಿದರು.

"ಹಾಂ, ಕೇಳಿಸ್ತದೆ ಅವ್ವಾ... ಇದೀನಿ, ಇಲ್ಲೇ ಇದೀನಿ..."

ಲೈನು ಕಡಿಯಿತು. ಗಂಗಾಶ್ರೀ ಮತ್ತೆ ನಂಬರು ಒತ್ತಲಿಲ್ಲ.