ತಾಟ ಮುಚ್ಚಿಡು, ಬರ್ತೀನಿ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಈ ಸಂಶೋಧನೆಯನ್ನು ಮೂರು ವರ್ಷ ಹೆಗಲ ಮೇಲೆ ಹೊತ್ತು ನಡೆಸಿದ ಡಾಕ್ಟರ್ ಸಂಘಮಿತ್ರಾ ಮೇಡಂ ಅವರೇ, ಮುಖ್ಯ ಅತಿಥಿಗಳಾದ ಜೈಲಿನ ಅಧಿಕಾರಿಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಕಮಲಾಪುರ ಮತ್ತು ಮಹಾಗಾಂವದ ನಮ್ಮ ಗುಂಪಿನವರೇ, ಹಾಗೂ ಫ್ಯಾನಿನ ಕೆಳಗೇ ಜಾಗ ಹಿಡಿದಿರುವ ಜಾಣ ಸಭಿಕರೇ.

ಮೊದಲು ಒಂದು ತಿದ್ದುಪಡಿ. ನಿರೂಪಣೆ ಮಾಡಿದ ತಂಗಿ ನನ್ನನ್ನು "ಅಪರಾಧದ ಹಾದಿ ಬಿಟ್ಟು ಹೊಸ ಬದುಕು ಕಟ್ಟಿಕೊಂಡ ಮಾಪಣ್ಣನವರು" ಎಂದು ಕರೆದರು. ನೀವು ಚಪ್ಪಾಳೆಯನ್ನೂ ತಟ್ಟಿದಿರಿ. ಹಾರ ಹಾಕಲು ಬಂದವರು ಮಾತ್ರ ಒಂದು ಹೆಜ್ಜೆ ದೂರವೇ ನಿಂತು ಕೈ ಚಾಚಿದರು. ನಾನು ಜೈಲಿಗೆ ಹೋದವನಲ್ಲ. ಬಸ್ಸಿನ ಕಂಡಕ್ಟರ್ ಆಗಿದ್ದವನು. ಕಲಬುರಗಿಯಿಂದ ಹುಮನಾಬಾದಿಗೆ ನೌಕರಿ ಪೂರ್ತಿ ನಿಂತುಕೊಂಡೇ ಪ್ರಯಾಣ ಮಾಡಿದ್ದೇನೆ. ಆದರೆ ಅದನ್ನು ಯಾವ ಕೋರ್ಟೂ ಶಿಕ್ಷೆ ಎಂದು ಬರೆದಿಲ್ಲ. ಆ ಹಾರ, ಆ ಪರಿಚಯ ಎರಡೂ ನನ್ನ ಮಗ ಕಪಿಲನಿಗೆ ಸೇರಬೇಕಾದವು. ನನ್ನ ಪಕ್ಕದ ಖಾಲಿ ಕುರ್ಚಿ ಅವನದು. ಅದರ ಮೇಲೆ ಶಾಲು ಇದೆ, ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆ ಇದೆ, ಕಪಿಲ ಇಲ್ಲ. ಅವನಿಗೆ ಸ್ವಲ್ಪ ಕೆಲಸ ಬಂತು. ಆ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಕಲಿತದ್ದು ಏಳನೆಯ ಇಯತ್ತೆ. ಮಾತು ಕಡಿಮೆ. ದಿನಕ್ಕೊಂದು ಪುಟ ಡೈರಿ ಬರೆಯುವ ಚಟವಿದೆ, ಅದರಿಂದ ಈ ಭಾಷಣವನ್ನೂ ಬರೆದಿಟ್ಟುಕೊಂಡಿದ್ದೆ. ಆದರೆ ಆ ಕಾಗದ ಮನೆಯಲ್ಲೇ ಉಳಿಯಿತು. ಯಾಕೆ ಉಳಿಯಿತು? ಅದಕ್ಕೂ ಆಮೇಲೆ ಬರುತ್ತೇನೆ.

ಸಭಿಕರೇ, ಈ ಸಂಶೋಧನೆ ಏನು? ಹೊಡೆದಾಟ ಮಾಡಿ ಜೈಲಿಗೆ ಹೋಗಿ ಬಂದವರು ಮತ್ತೆ ಯಾಕೆ ಹೊಡೆಯುತ್ತಾರೆ, ಏನು ಮಾಡಿದರೆ ಹೊಡೆಯುವುದಿಲ್ಲ, ಅವರ ಮನಸ್ಸಿಗೆ ಎಂಥ ಆರೈಕೆ ಬೇಕು ಎಂದು ಹುಡುಕುವುದು. ನನ್ನ ಮಗ ಬೈಕು ನಿಲ್ಲಿಸುವ ಜಾಗದ ಜಗಳದಲ್ಲಿ ಮೊಬೈಲ್ ಅಂಗಡಿಯ ವಿವೇಕಾನಂದ ಅವರ ದವಡೆಯನ್ನು ಹೆಲ್ಮೆಟ್ಟಿನಿಂದ ಒಡೆದ. ಹೆಲ್ಮೆಟ್ಟನ್ನು ತಲೆಗೆ ಹಾಕಿಕೋ ಎಂದು ನಾನು ಅವನಿಗೆ ಎಷ್ಟು ಸಲ ಹೇಳಿದ್ದೆ. ನೀವು ನಗುತ್ತೀರಿ, ನಗಿ. ಆದರೆ ಆ ದವಡೆ ಇವತ್ತಿಗೂ ಚಳಿಗೆ ನೋಯುತ್ತದೆ. ಅದನ್ನು ನಾನು ಸಣ್ಣದು ಮಾಡುವುದಿಲ್ಲ.

ಮೇಡಂ ಮೊದಲ ದಿನ ಕಮಲಾಪುರದ ಸಮುದಾಯ ಭವನದಲ್ಲಿ ಜೈಲಿನಿಂದ ಬಂದವರನ್ನು ಚಾಪೆಯ ಮೇಲೆ, ಮನೆಯವರನ್ನು ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂರಿಸಿ, ಸೊನ್ನೆಯಿಂದ ಹತ್ತರೊಳಗೆ ನಿಮ್ಮ ಸಿಟ್ಟು ಎಷ್ಟು ಎಂದು ಕೇಳಿದರು. ಮಹಾಗಾಂವದ ಅಣವೀರಪ್ಪ, "ತೊಗರಿ ರೇಟ್ ಕೇಳ್ದಂಗ ಕೇಳ್ತೀರಲ್ರೀ ಮೇಡಂ, ಮುಂಜಾನಿ ಒಂದಿರ್ತದ, ಸಂಜಿಗಿ ಒಂದಿರ್ತದ" ಎಂದ. ಲಾಲ್ ಅಹ್ಮದ್, "ನಂದು ಹತ್ತಕ್ಕ ಹನ್ನೆರಡ್ ಬರ್ಕೊರಿ" ಎಂದ. ಕಪಿಲ ಚಾಪೆಯ ಎಳೆ ಕೀಳುತ್ತಿದ್ದ. ಮನೆಯವರು ಬಂದಿದ್ದೀರಲ್ಲ, ನೀವು ಹೇಳಿ ಎಂದು ಮೇಡಂ ನನ್ನ ಕಡೆ ತಿರುಗಿದರು. ನಾನು, "ನನಗ ಸಿಟ್ಟ್ ಇಲ್ರೀ, ಸೊನ್ನಿ" ಎಂದೆ. ಮೇಡಂ ಬರೆದುಕೊಂಡರು. ಬರೆದುಕೊಳ್ಳುವಾಗ ನನ್ನ ಮುಖವನ್ನು ಒಮ್ಮೆ ನೋಡಿದರು.

ಆಮೇಲೆ ಉಪಾಯ ಹೇಳಿಕೊಟ್ಟರು. ಸಿಟ್ಟು ಏರುತ್ತಿದೆ ಎನಿಸಿದ ಕೂಡಲೇ ಬಾಯಿ ಮುಚ್ಚಿ, ಎದ್ದು ಹೊರಗೆ ನಡೆಯಿರಿ, ಇಳಿದ ಮೇಲೆ ಮನೆಗೆ ಬನ್ನಿ. ಎಷ್ಟು ಸುಲಭ. ಎಂಥ ಒಳ್ಳೆಯ ಮಾತು. ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆ ಮಾಡಿ ಗೆದ್ದ ಉಪಾಯವಂತೆ.

ಆದರೆ ಒಂದು ಕೇಳುತ್ತೇನೆ. ಗಂಡಸಿಗೆ ಮನೆಯಲ್ಲಿ ಸಿಟ್ಟು ಬರುವುದು ಯಾವಾಗ? ಊಟಕ್ಕೆ ಕುಳಿತಾಗ. ನಮ್ಮ ಕಡೆ ಅರ್ಧ ಊಟದಿಂದ ಎದ್ದರೆ ಏನರ್ಥ? ನಿನ್ನ ಕೈಯ ಅನ್ನ ನನಗೆ ಬೇಡ ಎಂದರ್ಥ. ಅದಕ್ಕಿಂತ ದೊಡ್ಡ ಅವಮಾನ ನಮ್ಮ ಮನೆಗಳಲ್ಲಿ ಇನ್ನೊಂದಿಲ್ಲ. ಬೈದದ್ದನ್ನು ಮರುದಿನ ಮರೆಯುತ್ತಾರೆ. ತಾಟು ಬಿಟ್ಟು ಎದ್ದದ್ದನ್ನು ಮೊಮ್ಮಕ್ಕಳಿಗೂ ಹೇಳುತ್ತಾರೆ.

ಅಣವೀರಪ್ಪ ಹೇಳಿದ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ. ಎರಡನೆಯ ರೊಟ್ಟಿಯಲ್ಲಿ ಸಿಟ್ಟು ಬಂತು, ಬಾಯಿ ಮುಚ್ಚಿದ, ಎದ್ದು ನಡೆದ. ಅವನ ಹೆಂಡತಿ ಶಿವಕಾಂತಮ್ಮ ತಾಟು ಹಿಡಿದುಕೊಂಡೇ ಬೆನ್ನು ಹತ್ತಿದರು. ಮುಂದೆ ಅಣವೀರಪ್ಪ, ಹಿಂದೆ ಬ್ಯಾಳಿ ಚೆಲ್ಲುತ್ತ ಶಿವಕಾಂತಮ್ಮ. ಮಹಾಗಾಂವ ಕ್ರಾಸಿನಲ್ಲಿ ಟೆಂಪೊದವರು ಗಾಡಿ ನಿಲ್ಲಿಸಿ ನೋಡಿದರು. ಅಣವೀರಪ್ಪ ಮಾತಾಡುವಂತಿಲ್ಲ, ಪಾಠದಲ್ಲಿ ಬಾಯಿ ಮುಚ್ಚು ಎಂದಿದೆ. ಅವನು ಮಾತಾಡದಷ್ಟೂ ಆ ತಾಯಿಯ ದನಿ ಏರಿತು. ಕೊನೆಗೆ ಅವರ ಅಣ್ಣತಮ್ಮಂದಿರು ಬಂದರು, ಅಣವೀರಪ್ಪನ ಅಣ್ಣತಮ್ಮಂದಿರು ಬಂದರು, ಸಿಟ್ಟು ತಪ್ಪಿಸುವ ಉಪಾಯದಿಂದ ಎರಡು ಮನೆತನ ಕೈಕೈ ಮಿಲಾಯಿಸಿದವು.

ಅಂಥ ಜಗಳಗಳು ಆ ತಿಂಗಳು ಹಲವು ಮನೆಗಳಲ್ಲಿ ಆದವು. ಮೇಡಂ ಅವರ ಕಂಪ್ಯೂಟರಿನಲ್ಲಿ ಜಗಳಗಳ ಲೆಕ್ಕ ತೋರಿಸುವ ಒಂದು ಗೆರೆ ಇತ್ತು. ಅದು ಕೆಳಗೆ ಇಳಿಯಬೇಕಿತ್ತಂತೆ. ಅದು ನಮ್ಮ ಕಡೆಯ ಬಿಸಿಲಿನ ಹಾಗೆ ಏರಿತು. ದಿಲ್ಲಿಯಿಂದ ದೊಡ್ಡ ಪ್ರೊಫೆಸರರು ಫೋನು ಮಾಡಿ, ನೀವು ಅಲ್ಲಿ ಅವರಿಗೆ ಏನು ಕಲಿಸುತ್ತಿದ್ದೀರಿ ಎಂದು ಕೇಳಿದರಂತೆ.

ಮೇಡಂ ಮನೆಮನೆಗೆ ಬಂದರು. ಶಿವಕಾಂತಮ್ಮನವರು ಅವರಿಗೆ ಮಣೆ ಹಾಕಿ, ಊಟಕ್ಕೆ ಬಡಿಸಿ, ಆಮೇಲೆ ತರಾಟೆಗೆ ತೆಗೆದುಕೊಂಡರು. "ಬೈದ್ರ ಬೈಲಿ ಅಂತ ಸುಮ್ಮನಿರ್ತಿದ್ದೆ ಮೇಡಂ. ನನ್ನ ರೊಟ್ಟಿ ಏನ್ ತಪ್ಪ್ ಮಾಡ್ಯಾವ್ರೀ? ಅವೇನ್ ಇವರಿಗಿ ಎದುರು ಮಾತಾಡಿದ್ವಾ?" ಮೇಡಂ ಅರ್ಧ ಊಟದಲ್ಲಿದ್ದರು. ಅವರಿಗೂ ಎದ್ದು ಹೋಗಬೇಕೆನಿಸಿರಬೇಕು. ಏಳಲಿಲ್ಲ. ಪೂರ್ತಿ ಉಂಡು, ಕೈ ತೊಳೆದು, ಯೋಚನೆ ಮಾಡುತ್ತ ಬಸ್ ಹತ್ತಿದರು.

ಮುಂದಿನ ಸಭೆಯಲ್ಲಿ ಪಾಠಕ್ಕೆ ಒಂದು ಮಾತು ಸೇರಿಸಿದರು. ಏಳುವ ಮುಂಚೆ, ಎಷ್ಟೇ ಸಿಟ್ಟಿರಲಿ, "ತಾಟ ಮುಚ್ಚಿಡು, ಬರ್ತೀನಿ" ಎಂದು ಹೇಳಬೇಕು. ಮನೆಯಲ್ಲಿ ಉಳಿದವರು ಇನ್ನೊಂದು ತಾಟು ಬೋರಲು ಹಾಕಿ ಆ ಊಟವನ್ನು ಮುಚ್ಚಿಡಬೇಕು. ಹೋದವನು ಬಂದು ಅದನ್ನೇ ಉಣ್ಣಬೇಕು. ಅಷ್ಟೇ. ಮೇಡಂ ಅವರ ಪುಸ್ತಕದಲ್ಲಿ ಇದಕ್ಕೆ ಉದ್ದನೆಯ ಹೆಸರಿದೆ, ನನಗೆ ಬಾಯಿ ತಿರುಗುವುದಿಲ್ಲ. ನಾವು ತಾಟ ಮುಚ್ಚೋದು ಎನ್ನುತ್ತೇವೆ. ಗೆರೆ ಇಳಿಯಿತು. ಅಣವೀರಪ್ಪ ಈಗ ವಾರಕ್ಕೆ ಒಂದೆರಡು ಸಲ ಎದ್ದು ಹೋಗಿ ಊರ ಬಾಗಿಲ ಅಗಸಿಯವರೆಗೆ ನಡೆದು ಬರುತ್ತಾನೆ, ಹೊಟ್ಟೆಯೂ ಕರಗಿದೆ. ಎದ್ದು ನಿಂತು ತೋರಿಸುವುದೇನೂ ಬೇಡ, ಅಣವೀರಪ್ಪ, ಕೂತಿರು.

ಆ ಮಾತನ್ನು ಮೇಡಂ ಹೇಳಿಕೊಟ್ಟ ದಿನ ಎಲ್ಲರೂ ನಕ್ಕರು. ನಾನೊಬ್ಬ ಚಾಪೆಯ ತುದಿ ನೋಡುತ್ತ ಕುಳಿತಿದ್ದೆ. ಯಾಕೆಂದರೆ ನನ್ನ ಹೆಂಡತಿ ಸಾಬಮ್ಮ ಇದನ್ನು ಯಾರೂ ಕಲಿಸದೆ ಮಾಡುತ್ತಿದ್ದಳು. ಕಪಿಲ ಇಲ್ಲಿ ಕಲಬುರಗಿಯ ಜೈಲಿನಲ್ಲಿದ್ದಾಗ, ಕಮಲಾಪುರದಲ್ಲಿ ಅವಳು ದಿನಾ ಸಂಜೆ ಅವನ ತಾಟಿಗೂ ಬಡಿಸಿ ಮುಚ್ಚಿಡುತ್ತಿದ್ದಳು. "ಜೈಲಿಂದ ಯಾರ್ ಬಿಡ್ತಾರ ಅವಗ ಊಟಕ್ಕ?" ಎಂದು ನಾನು ಕೇಳಿದರೆ, "ಬಿಟ್ರ? ಬಂದ ಮ್ಯಾಲ ಒಲಿ ಹಚ್ಚಲೇನು?" ಎನ್ನುತ್ತಿದ್ದಳು. ಬೆಳಿಗ್ಗೆ ಆ ತಂಗಳು ರೊಟ್ಟಿ ನನ್ನ ಡಬ್ಬಿಗೆ ಬರುತ್ತಿತ್ತು. ಕಂಡಕ್ಟರನ ಹೊಟ್ಟೆ, ಏನು ಹಾಕಿದರೂ ಒಳಗೆ ಸರಿಯುತ್ತದೆ. ಅವನು ಬಿಡುಗಡೆಯಾಗುವ ಮುಂಚೆಯೇ ಅವಳು ಹೋದಳು. ವೈದ್ಯರು ಸಕ್ಕರೆ ಕಾಯಿಲೆ, ಮೂತ್ರಪಿಂಡ ಎಂದರು. ನಾನೂ ಡೈರಿಯಲ್ಲಿ ಹಾಗೆಯೇ ಬರೆದುಕೊಂಡಿದ್ದೇನೆ.

ವಿಷಯ ಬೇರೆ ಕಡೆ ಹೋಯಿತು. ಸಂಶೋಧನೆಗೆ ಬರುತ್ತೇನೆ.

ಕಪಿಲ ಬಂದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅವನು ರೊಟ್ಟಿ ಬಡಿಯುತ್ತಾನೆ, ನಾನು ಪಲ್ಯ ಮಾಡುತ್ತೇನೆ. ಮೊದಲ ವರ್ಷ ಅವನು ಎಷ್ಟೋ ಸಲ ಎದ್ದು ಹೋದ. ಪ್ರತಿ ಸಲವೂ ಹೇಳಿ ಹೋದ, ಬಂದು ಉಂಡ. ನಾನು ಒಂದು ಸಲವೂ ಏಳಲಿಲ್ಲ. ನನ್ನದು ಸೊನ್ನೆ ತಾನೇ?

ಈಗ ಆ ಖಾಲಿ ಕುರ್ಚಿಯ ಮಾತು. ಕಪಿಲನಿಗೆ ಹೊಟ್ಟೆನೋವು ಎಂದು ನಾನು ಮೇಡಂಗೆ ಹೇಳಿದೆ. ಕೆಲಸ ಬಂತು ಎಂದು ಅಧ್ಯಕ್ಷರಿಗೆ ಹೇಳಿದೆ, ಆಗಲೇ ನಿಮಗೂ ಹೇಳಿದೆ. ಬಸ್ ತಪ್ಪಿತು ಎಂದು ಲಾಲ್ ಅಹ್ಮದನಿಗೆ ಹೇಳಿದೆ. ಈಗ ಈ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವುದು ನನಗೆ ಕಾಣುತ್ತಿದೆ. ಒಂದೇ ಸೀಟಿಗೆ ಮೂರು ಟಿಕೆಟ್ ಹರಿದ ಕಂಡಕ್ಟರಿಗೆ ಏನಾಗುತ್ತದೋ ನನಗೂ ಅದೇ ಆಗಬೇಕು.

ನಡೆದದ್ದು ಇಷ್ಟು. ಇವತ್ತು ಬೆಳಿಗ್ಗೆ ಇಬ್ಬರೂ ಇಸ್ತ್ರಿ ಅಂಗಿ ಹಾಕಿಕೊಂಡು ಊಟಕ್ಕೆ ಕುಳಿತೆವು. ಅವಸರದಲ್ಲಿ ರೊಟ್ಟಿ ದಪ್ಪ ಬಂದಿತ್ತು. ನಾನು, "ನಿಮ್ಮವ್ವ ಬಡದಂಗ ಆಗಲ್ಲ ನಿನಗ" ಎಂದೆ. ಅವನು, "ಹೌದು, ಆಗಲ್ಲ" ಎಂದ. ಅಲ್ಲಿಗೆ ಬಿಡಬಹುದಿತ್ತು. ನಾನು ಬಿಡಲಿಲ್ಲ. "ನೀ ಜೈಲಿಗಿ ಹೋಗಿರದಿದ್ರ ಆಕಿ ಇರ್ತಿದ್ಲು" ಎಂದೆ.

ಆ ಮಾತು ಎಲ್ಲಿತ್ತು, ಯಾವಾಗ ಬಾಯಿಗೆ ಬಂತು, ನನಗೆ ತಿಳಿಯಲಿಲ್ಲ. ಅವನ ಕೈ ತಾಟಿನ ಅಂಚಿನ ಮೇಲಿತ್ತು. ನಾನು ಆ ಕೈಯನ್ನೇ ನೋಡಿದೆ. ಹಿಂದೆಲ್ಲ ಆಗಿದ್ದರೆ ಆ ತಾಟು ಗೋಡೆಗೆ ಹೋಗುತ್ತಿತ್ತು. ಅವನು ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ಯಪ್ಪಾ, ಸಿಟ್ಟ್ ನಿನಗ ಬಂದದ. ಹೋಗು, ಒಂದ್ ಸುತ್ತ್ ಹಾಕ್ಕೊಂಡ್ ಬಾ. ನಾ ಕುಂತಿರ್ತೀನಿ" ಎಂದ.

ನಾನು ಎದ್ದೆ. ಒಂದು ಸುತ್ತು ಹಾಕಿ ಬಾ ಎಂದರೆ ಎಲ್ಲಿಗೆ ಹೋಗಬೇಕು? ಅಣವೀರಪ್ಪ ಅಗಸಿಗೆ ಹೋಗುತ್ತಾನೆ. ನಾನು ಬಸ್ ಹತ್ತಿ ಕಲಬುರಗಿಗೇ ಬಂದುಬಿಟ್ಟೆ. ಭಾಷಣದ ಕಾಗದ ತಾಟಿನ ಪಕ್ಕದಲ್ಲೇ ಉಳಿಯಿತು. ಸಭಿಕರೇ, ಇಷ್ಟು ದಿನ ಮುಂದಿನ ಸಾಲಿನಲ್ಲಿ ಕುಳಿತು ಕೇಳಿದ ಪಾಠದಲ್ಲಿ ನಾನು ಎದ್ದು ಹೋಗುವುದನ್ನು ಮಾತ್ರ ಮಾಡಿದೆ. ತಾಟ ಮುಚ್ಚಿಡು ಅನ್ನಲಿಲ್ಲ. ಬರ್ತೀನಿ ಅನ್ನಲಿಲ್ಲ. ಮನೆಯ ಮೆಟ್ಟಿಲಿನಿಂದ ಶಹಾಬಜಾರದ ಈ ಸಭಾಭವನದ ಮೆಟ್ಟಿಲಿನವರೆಗೆ ನನಗೆ ಅದೊಂದೇ ಚಿಂತೆ. ಹೇಳದೆ ಎದ್ದು ಬಂದೆನಲ್ಲ, ಅಪ್ಪನಿಗೆ ನನ್ನ ಕೈಯ ಅನ್ನ ಬೇಡವಾಯಿತು ಎಂದು ಕಪಿಲ ತಿಳಿದರೆ? ಅವನೂ ಎದ್ದು ಎಲ್ಲಿಗಾದರೂ ಹೋಗಿಬಿಟ್ಟರೆ?

ನನ್ನ ಹೆಸರು ಕೂಗಿದಾಗ, ಈ ಮೆಟ್ಟಿಲು ಹತ್ತುವ ಮುಂಚೆ, ಲಾಲ್ ಅಹ್ಮದ್ ನನ್ನ ತೋಳು ಹಿಡಿದು ಕಿವಿಯಲ್ಲಿ ಹೇಳಿದ. "ಕಾಕಾ, ಬಸ್ ತಪ್ಪಿಲ್ಲ ಏನಿಲ್ಲ, ಸುಳ್ಳ್ ಹೇಳಾಕತ್ತೀರಿ. ಕಪಿಲಗ ಫೋನ್ ಮಾಡಿದ್ದೆ. ನಿಮ್ಮ ತಾಟ ಮುಚ್ಚಿಟ್ಟ್ ಕುಂತಾನ. ಅಂವನೂ ಉಂಡಿಲ್ಲ."

ಮೇಡಂ, ಮೊದಲ ದಿನ ನೀವು ಬರೆದುಕೊಂಡ ಸೊನ್ನೆಯನ್ನು ದಯವಿಟ್ಟು ಹೊಡೆದು ಹಾಕಿ. ಏನು ಬರೆಯಬೇಕು ಎಂದು ನನಗೆ ಗೊತ್ತಿಲ್ಲ, ಮುಂದಿನ ವಾರ ಬಂದು ಹೇಳುತ್ತೇನೆ. ಮುಂದಿನ ಸಾಲಿನಲ್ಲಿ ಅಲ್ಲ, ಚಾಪೆಯ ಮೇಲೆ ಕುಳಿತು.

ಈ ಕಾರ್ಯಕ್ರಮದ ನಂತರ ಹೋಳಿಗೆ ಊಟ ಇದೆ ಎಂದು ಅಧ್ಯಕ್ಷರು ಮೂರು ಸಲ ಹೇಳಿದ್ದಾರೆ. ಅದಕ್ಕಾಗಿಯೇ ನೀವು ಇಷ್ಟು ಹೊತ್ತು ನನ್ನನ್ನು ಸಹಿಸಿದ್ದೀರಿ ಎಂಬುದೂ ನನಗೆ ಗೊತ್ತು. ನನಗೆ ಮಾತ್ರ ಕಾಯಬೇಡಿ. ನನ್ನ ಊಟ ಕಮಲಾಪುರದಲ್ಲಿ ಮುಚ್ಚಿಟ್ಟಿದೆ, ರೊಟ್ಟಿ ದಪ್ಪ ಇದ್ದರೂ ಅದನ್ನೇ ಉಣ್ಣಬೇಕು, ಪಾಠ ಹಾಗಿದೆ. ಕಪಿಲನ ಶಾಲು, ಕಪಿಲನ ಹಾರ, ಈ ಬಾಳೆಗೊನೆ ನಾನೇ ಒಯ್ಯುತ್ತೇನೆ. ಗೊನೆಗೆ ಅರ್ಧ ಟಿಕೆಟ್ ಕೇಳಿದರೆ ಕೊಡುತ್ತೇನೆ, ಜಗಳ ಮಾಡುವುದಿಲ್ಲ.

ಕರೆಸಿದ್ದಕ್ಕೆ, ಕೂರಿಸಿದ್ದಕ್ಕೆ, ಕೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಹೇಳದೆ ಬಂದವನು ಇಲ್ಲಿಯಾದರೂ ಹೇಳಿ ಹೋಗುತ್ತೇನೆ. ಹೋಗಿ ಬರ್ತೀನ್ರೀ. ನಮಸ್ಕಾರ.